ನೋವು ನುಂಗಿಕೊಂಡು ಆಡಬೇಕಾ?

ಪ್ರಶ್ನೆ: ಮೇಡಂ, ನಮ್ಮದು ಕಾರವಾರದ ಕೋಡಿಬಾಗ. ಮಗನಿಗೆ 21 ವರ್ಷ. ಗೋವಾದ ಒಂದು ಕ್ಲಬ್‌ನಲ್ಲಿ ಕಾಂಟ್ರಾಕ್ಟ್ ಮೇಲೆ ಫುಟ್‌ಬಾಲ್ ಆಡುತ್ತಾನೆ. ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಓಡುವ ಹುಡುಗ. ಹತ್ತು ದಿನದ ಹಿಂದೆ ಓಡುವಾಗ ಬಲತೊಡೆಯ ಹಿಂದೆ ಚಟ್ ಅಂದಿತಂತೆ. ಹ್ಯಾಮ್‌ಸ್ಟ್ರಿಂಗ್ ಅಂದರು. ಈಗ ನಡೆಯೋಕೆ ತೊಂದರೆ ಇಲ್ಲ. ಈ ಭಾನುವಾರ ಸೆಮಿಫೈನಲ್ ಇದೆ, ಇಂಜೆಕ್ಷನ್ ತಗೊಂಡು ಆಡು ಅಂತಿದ್ದಾರೆ. ಅವನೂ ಆಡ್ತೇನೆ ಅಂತಾನೆ. 'ಜರ್ಮನಿಯ ಬೆಕನ್‌ಬೌರ್ ಪೆಟ್ಟಾದ ಕೈ ಕಟ್ಟಿಕೊಂಡು ಆಡಿಲ್ವಾ ಅಪ್ಪ' ಎಂದು ನನಗೇ ಕೇಳುತ್ತಾನೆ. ಅವನ ಅಮ್ಮ ಬೇಡವೇ ಬೇಡ ಅಂತಾಳೆ. ದುಡ್ಡು ತಗೊಂಡು ಆಡುವವರು ಪೆಟ್ಟಾದರೂ ಆಡಲೇಬೇಕಾ?
– ಹೆಸರು ಬೇಡ, ಕೋಡಿಬಾಗ, ಕಾರವಾರ

ಉತ್ತರ: ಪತ್ರಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. ಅದಕ್ಕೇ ಫೋನಿನಲ್ಲಿ ಮೊದಲೇ ಹೇಳಿದ್ದೇನೆ, ಈ ಸೆಮಿಫೈನಲ್ ಬೇಡ ಅಂತ. ಯಾಕೆ ಬೇಡ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಮಾಲಾದೇವಿ ಮೈದಾನದಲ್ಲಿ ಸಂಜೆ ಆಡುವ ಹುಡುಗರಲ್ಲಿ ಅರ್ಧ ಜನಕ್ಕೆ ಇದೇ ಪ್ರಶ್ನೆ ಇರುತ್ತದೆ, ಕೇಳೋದಿಲ್ಲ ಅಷ್ಟೇ.

ಮೊದಲು ನಿಮ್ಮ ಮಗನ ತೊಡೆಯ ವಿಷಯ. ದೊಡ್ಡ ಕ್ಲಬ್‌ಗಳ ಆಟಗಾರರಿಗೆ ಅತಿ ಹೆಚ್ಚು ಆಗುವ ಗಾಯ ಇದೇ ಹ್ಯಾಮ್‌ಸ್ಟ್ರಿಂಗ್. ಜೋರಾಗಿ ಓಡುವಾಗ ಕಾಲು ಮುಂದಕ್ಕೆ ಹಾರುತ್ತದಲ್ಲ, ಆ ಕಾಲು ನೆಲ ಮುಟ್ಟುವ ಸ್ವಲ್ಪ ಮೊದಲು ತೊಡೆಯ ಹಿಂದಿನ ಸ್ನಾಯು ಉದ್ದಕ್ಕೆ ಎಳೆದುಕೊಳ್ಳುತ್ತಲೇ ಕಾಲನ್ನು ತಡೆದು ಹಿಡಿಯಬೇಕು. ಅದಕ್ಕೆ ಅತಿ ಜಾಸ್ತಿ ಭಾರ ಬೀಳುವುದು ಆ ಕ್ಷಣದಲ್ಲೇ. ನಡೆಯುವಾಗ ಈ ಕೆಲಸ ತೀರಾ ಕಡಿಮೆ. ಮೆಲ್ಲಗೆ ಓಡುವಾಗಲೂ ಸ್ವಲ್ಪವೇ. ಹಾಗಾಗಿ ಒಂದು ವಾರ ಕಳೆದ ಮೇಲೆ ಹುಡುಗ ಬಾಜಾರಕ್ಕೆ ಹೋಗಿ ಬರುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಎಲ್ಲ ಸರಿಯಾಯಿತು ಅನಿಸುತ್ತದೆ. ಹರಿದ ಎಳೆಗಳು ಕೂಡಿಕೊಳ್ಳುವ ಕೆಲಸ ಮಾತ್ರ ಒಳಗೆ ಇನ್ನೂ ನಡೀತಾ ಇರುತ್ತದೆ. ನೋವು ಹೋಗುವುದಕ್ಕೆ ದಿನಗಳು ಸಾಕು, ಬಲ ಬರುವುದಕ್ಕೆ ವಾರಗಳು ಬೇಕು. ಒಮ್ಮೆ ಆದ ಜಾಗದಲ್ಲೇ ಇದು ಮತ್ತೆ ಆಗುವುದು ಬಹಳ ಸಾಮಾನ್ಯ, ಎರಡನೇ ಸಲದ್ದು ಹೆಚ್ಚಾಗಿ ಮೊದಲಿನದಕ್ಕಿಂತ ದೊಡ್ಡದು.

ನಿಮ್ಮ ಮಗನಿಗೆ ಬೆಕನ್‌ಬೌರ್ ಗೊತ್ತು. ಡಿಯೇಗೊ ಕೋಸ್ಟಾ ಕತೆಯನ್ನೂ ಹೇಳಿ. 2014ರ ಮೇ ತಿಂಗಳು. ಸ್ಪೇನ್ ದೇಶದ ಕ್ಲಬ್ ಅಟ್ಲೆಟಿಕೊ ಮ್ಯಾಡ್ರಿಡ್‌ನ ಮುಖ್ಯ ಗೋಲುಗಾರ ಅವರು. ಲೀಗ್‌ನ ಕೊನೆಯ ಪಂದ್ಯದಲ್ಲಿ ಬಾರ್ಸಿಲೋನಾ ವಿರುದ್ಧ ಹ್ಯಾಮ್‌ಸ್ಟ್ರಿಂಗ್ ಹಿಡಿದುಕೊಂಡು ಹೊರಗೆ ಬಂದರು. ಒಂದೇ ವಾರಕ್ಕೆ ಲಿಸ್ಬನ್‌ನಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್. ಏನೇನೋ ಚಿಕಿತ್ಸೆ ಮಾಡಿಸಿಕೊಂಡು ಇಳಿದರು. 9ನೇ ನಿಮಿಷಕ್ಕೆ ಹೊರಗೆ. ಆಗ ಬದಲಿ ಆಟಗಾರರು ಮೂರೇ ಜನ. ಒಬ್ಬ ಅಲ್ಲೇ ಖರ್ಚಾದ. 93ನೇ ನಿಮಿಷದಲ್ಲಿ ಎದುರಾಳಿ ರಿಯಲ್ ಮ್ಯಾಡ್ರಿಡ್ ಗೋಲು ಸಮ ಮಾಡಿತು. ಹೆಚ್ಚುವರಿ ಸಮಯದಲ್ಲಿ ಅಟ್ಲೆಟಿಕೊದವರ ಕಾಲುಗಳು ಸೋತಾಗ ಬದಲಾಯಿಸಲು ಯಾರೂ ಉಳಿದಿರಲಿಲ್ಲ. 4-1ರಲ್ಲಿ ಸೋತರು. ತಂಡಕ್ಕಾಗಿ ನೋವು ನುಂಗುತ್ತೇನೆ ಅನ್ನುವ ಹುಡುಗರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು. ಅರ್ಧ ಗುಣವಾದ ಕಾಲು ತಂಡಕ್ಕೂ ಭಾರವೇ.

ಇನ್ನು ಬೆಕನ್‌ಬೌರ್. 1970ರ ವಿಶ್ವಕಪ್ ಸೆಮಿಫೈನಲ್, ಮೆಕ್ಸಿಕೋದಲ್ಲಿ ಇಟಲಿ ವಿರುದ್ಧ. ಭುಜ ತಪ್ಪಿತು, ಕೈಯನ್ನು ಎದೆಗೆ ಕಟ್ಟಿಕೊಂಡು ಆಡಿದರು. ನಿಜ, ಆ ಧೈರ್ಯಕ್ಕೆ ನಾನೂ ಕೈಮುಗಿಯುತ್ತೇನೆ. ಆದರೆ ಯಾಕೆ ಆಡಿದರು? ಆಗ ಇಬ್ಬರನ್ನು ಮಾತ್ರ ಬದಲಾಯಿಸಬಹುದಿತ್ತು, ಪಶ್ಚಿಮ ಜರ್ಮನಿ ಆ ಇಬ್ಬರನ್ನೂ ಆಗಲೇ ಇಳಿಸಿಬಿಟ್ಟಿತ್ತು. ಅವರು ಹೊರಗೆ ಬಂದರೆ ತಂಡ ಹತ್ತೇ ಜನ. ಇನ್ನೂ ಹಿಂದಿನ ಕತೆ ಬರ್ಟ್ ಟ್ರಾಟ್‌ಮನ್ ಅವರದು. 1956ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್. ಪಂದ್ಯಕ್ಕೆ 17 ನಿಮಿಷ ಬಾಕಿ ಇದ್ದಾಗ ಎದುರಾಳಿಯ ಕಾಲಿಗೆ ಬಿದ್ದು ಚೆಂಡು ಹಿಡಿಯಲು ಹೋಗಿ ಕುತ್ತಿಗೆಗೆ ಪೆಟ್ಟು. ಆಡಿ ಮುಗಿಸಿದರು, ತಂಡ ಗೆದ್ದಿತು. ಕುತ್ತಿಗೆಯ ಮೂಳೆ ಮುರಿದಿದೆ ಅಂತ ಗೊತ್ತಾಗಿದ್ದು ಕೆಲವು ದಿನ ಕಳೆದು ಎಕ್ಸ್‌ರೇ ತೆಗೆದಾಗ. ಆ ಕಾಲಕ್ಕೆ ಅಲ್ಲಿ ಬದಲಿ ಆಟಗಾರ ಅನ್ನುವುದೇ ಇರಲಿಲ್ಲ. ಅವರ ಜೀವವೇ ಹೋಗಬಹುದಿತ್ತು.

ನಾವು ಹಾಡಿ ಹೊಗಳುವ ಈ ಕತೆಗಳೆಲ್ಲ ಬೇರೆ ದಾರಿಯೇ ಇಲ್ಲದ ಕಾಲದವು. ಈಗ ಐವರನ್ನು ಬದಲಾಯಿಸಬಹುದು. ಬೆಂಚಿನ ಮೇಲೆ ಕಾಲು ಗಟ್ಟಿಯಿರುವ ಹುಡುಗ ಕೂತು ಕಾಯುತ್ತಿದ್ದಾನೆ. ಅವನನ್ನು ಕೂರಿಸಿ, ತೊಡೆ ಹರಿದವನಿಗೆ ಸೂಜಿ ಚುಚ್ಚಿ ಇಳಿಸುವುದರಲ್ಲಿ ನನಗೆ ಯಾವ ವೀರತನವೂ ಕಾಣುವುದಿಲ್ಲ.

ಹಾಗಂತ ಪೆಟ್ಟಾದವರು ಯಾರೂ ಆಡಲೇಬಾರದು ಅಂತ ನಾನು ಹೇಳುವುದಿಲ್ಲ. ಸೀಸನ್ ನಡುವೆ ಮೈಯಲ್ಲಿ ಎಲ್ಲೂ ನೋವಿಲ್ಲದ ಆಟಗಾರ ಸಿಗುವುದು ಕಷ್ಟ. ಉಗುರು ಕಪ್ಪಾಗಿರುತ್ತದೆ, ಮೊಣಕಾಲು ಚಿಪ್ಪಿನ ಮೇಲೆ ಬೂಟಿನ ಗುರುತು ಇರುತ್ತದೆ, ಬೆರಳು ಉಳುಕಿರುತ್ತದೆ. ಇದಕ್ಕೆಲ್ಲ ಕೂರುತ್ತಾ ಹೋದರೆ ಆಟ ಎಲ್ಲಿ? 2024ರ ಯೂರೋ ಕಪ್‌ನ ಮೊದಲ ಪಂದ್ಯದಲ್ಲಿ ಫ್ರಾನ್ಸ್‌ನ ಎಂಬಾಪೆ ಮೂಗು ಮುರಿಯಿತು. ಮುಂದಿನ ಪಂದ್ಯ ಕೂರಿಸಿದರು. ಆಮೇಲೆ ಅಳತೆಗೆ ಮಾಡಿಸಿದ ಮುಖವಾಡ ಹಾಕಿಕೊಂಡು ಇಳಿದು ಪೋಲೆಂಡ್ ವಿರುದ್ಧ ಪೆನಾಲ್ಟಿ ಗೋಲನ್ನೂ ಹೊಡೆದರು. ಇದು ಸರಿ. ಓಡುವುದಕ್ಕೆ ಮೂಗು ಬೇಡ, ಮತ್ತೆ ಪೆಟ್ಟು ಬೀಳದ ಹಾಗೆ ಕಾಪಾಡಲೂ ಬರುತ್ತದೆ. ತೊಡೆಗೆ ಅಂಥ ಮುಖವಾಡ ಇಲ್ಲ. ಕ್ರೇಪ್ ಬ್ಯಾಂಡೇಜ್ ಎಷ್ಟು ಬಿಗಿದರೂ ಒಳಗಿನ ಎಳೆ ಹಿಡಿದು ನಿಲ್ಲಿಸುವುದಿಲ್ಲ.

ಹಾಗಾದರೆ ಯಾವ ಗಾಯಕ್ಕೆ ಆಡಬಹುದು, ಯಾವುದಕ್ಕೆ ಬೇಡ ಅಂತ ಯಾರು ಹೇಳಬೇಕು? ನನ್ನ ಪ್ರಕಾರ ಇಡೀ ವಿಷಯ ನಿಂತಿರುವುದೇ ಇಲ್ಲಿ. ಆಟಗಾರನನ್ನು 'ಆಡ್ತೀಯಾ?' ಅಂತ ಕೇಳಲೇಬಾರದು. ಕೇಳಿದರೆ ಹೂಂ ಅಂತಾನೆ, ಇನ್ನೇನು ಅಂತಾನೆ? ನಮ್ಮಲ್ಲಿಗೆ ಅಂಕೋಲಾ ಕಡೆಯ ಒಬ್ಬ ಹುಡುಗ ಇದೇ ನೋವಿಗೆ ಬರುತ್ತಿದ್ದ. 'ಎಂತದೂ ಇಲ್ಲ ಮೇಡಂ, ಈಗ ಬರೋಬ್ಬರಿ' ಅಂದ. ಬೋರಲು ಮಲಗಿಸಿ, ಮೊಣಕಾಲು ಮಡಚಿಸಿ, 'ನಾನು ಹಿಮ್ಮಡಿ ಎಳೀತೇನೆ, ನೀನು ಬಿಡಬೇಡ' ಅಂದೆ. ಎಡಗಾಲು ಕಲ್ಲಿನ ಹಾಗೆ ನಿಂತಿತು. ಬಲಗಾಲನ್ನು ಎಳೆದಾಗ ಮೊದಲು ತೊಡೆ ಸಣ್ಣಗೆ ನಡುಗಿತು. ಆಮೇಲೆ ಸೊಂಟ ಮೇಲೆದ್ದಿತು. ತೊಡೆಯ ಕೆಲಸವನ್ನು ಸೊಂಟಕ್ಕೆ ಕೊಟ್ಟು ಮರೆಮಾಚುತ್ತಿದ್ದ. ಬಾಯಿ 'ಏನಿಲ್ಲ' ಅಂತಲೇ ಇತ್ತು, ಕೈ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಅವನು ಸುಳ್ಳುಗಾರ ಅಲ್ಲ. ಆಡಬೇಕು ಅನ್ನುವ ಆಸೆ ಅವನ ಕೈಲಿ ಹಾಗೆ ಹೇಳಿಸುತ್ತದೆ.

ಕೋಚ್‌ಗೆ ಗೆಲುವು ಬೇಕು. ಮ್ಯಾನೇಜ್‌ಮೆಂಟ್‌ಗೆ ಕಪ್ ಬೇಕು. ಹುಡುಗನಿಗೆ ತನ್ನ ಜಾಗ ಉಳಿಯಬೇಕು. ಈ ಮೂವರೂ ಸೇರಿ ತೀರ್ಮಾನ ಮಾಡಿದರೆ ಅದು ಯಾವತ್ತೂ 'ಆಡು' ಅಂತಲೇ ಆಗುವುದು. ಆ ಪಂದ್ಯ ಸೋತರೂ ಗೆದ್ದರೂ ಏನೂ ಕಳೆದುಕೊಳ್ಳದ ಒಬ್ಬ ಡಾಕ್ಟರ್ ಅಥವಾ ಫಿಸಿಯೋ ಹೇಳಬೇಕು, ಅವರ ಮಾತೇ ಕೊನೆ ಆಗಬೇಕು. ಅವರು ಬೇಡ ಅಂದ ಮೇಲೂ ಇಳಿಸುವ ತಂಡವನ್ನು ನಾನು ವೃತ್ತಿಪರ ತಂಡ ಅಂತ ಒಪ್ಪುವುದಿಲ್ಲ, ಎಷ್ಟೇ ದುಡ್ಡಿರಲಿ.

ಇಂಜೆಕ್ಷನ್ ಬಗ್ಗೆ ಎರಡು ಮಾತು, ಇದನ್ನು ಮಗನಿಗೆ ಓದಿಸಿ. ಮರಗಟ್ಟಿಸುವ ಔಷಧಿ ಹಾಕಿದರೆ ಸ್ನಾಯು ಹರಿಯುವಾಗಲೂ ಅವನಿಗೆ ಗೊತ್ತಾಗುವುದಿಲ್ಲ. ಸ್ಟೀರಾಯ್ಡ್ ಆಗಿದ್ದರೆ ಇನ್ನೊಂದು ಅಪಾಯ. ನೋವು, ಬಾವಿಗೆ ಕೊಡುವ ಕಾರ್ಟಿಸೋನ್ ಜಾತಿಯ ಇಂಜೆಕ್ಷನ್‌ಗಳೆಲ್ಲ 2022ರಿಂದ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. ಟ್ರಮಡಾಲ್ ಅನ್ನುವ ನೋವಿನ ಮಾತ್ರೆಯೂ 2024ರಿಂದ ಆ ಪಟ್ಟಿಗೆ ಸೇರಿದೆ. ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿದರೆ 'ಕ್ಲಬ್‌ನವರು ಕೊಟ್ಟರು' ಅಂತ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೈಯೊಳಗೆ ಏನು ಹೋಗಿದೆಯೋ ಅದಕ್ಕೆ ಆಟಗಾರನೇ ಹೊಣೆ. ಹಾಗಾಗಿ ಔಷಧಿಯ ಹೆಸರು ಕೇಳಿ ಬರೆದುಕೊಳ್ಳದೆ ಯಾರ ಮುಂದೆಯೂ ತೋಳು, ತೊಡೆ ಚಾಚಬಾರದು.

ಮುಂದಿನ ದಿನಗಳ ಬಗ್ಗೆಯೂ ಯೋಚಿಸಿ. ಅರ್ಜೆಂಟೀನಾದ ಬಾಟಿಸ್ಟುಟಾ ಗೊತ್ತಲ್ವಾ, ಗೋಲು ಹೊಡೆಯುವುದರಲ್ಲಿ ರಾಕ್ಷಸ. ನೋವಿದ್ದರೂ ಆಡುತ್ತಲೇ ಹೋದವರು. 2005ರಲ್ಲಿ ನಿವೃತ್ತಿಯಾದ ಮೇಲೆ ಹಿಮ್ಮಡಿ ಕೀಲುಗಳ ನೋವು ಎಷ್ಟಾಯಿತೆಂದರೆ, ಕಾಲು ಕತ್ತರಿಸಿಬಿಡಿ ಅಂತ ಡಾಕ್ಟರ್ ಹತ್ತಿರ ಬೇಡಿಕೊಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ. ರಾತ್ರಿ ಬಚ್ಚಲಿಗೆ ನಡೆಯಲೂ ಆಗದ ಸ್ಥಿತಿ. ಬ್ರೆಜಿಲ್‌ನ ರೊನಾಲ್ಡೊ 1999ರ ನವೆಂಬರಿನಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು, 2000ದ ಏಪ್ರಿಲ್‌ನಲ್ಲಿ ವಾಪಸ್ ಬಂದರು, ಕೆಲವೇ ನಿಮಿಷಕ್ಕೆ ಅದೇ ಮೊಣಕಾಲು ಪೂರ್ತಿ ಹೋಯಿತು. ಆಮೇಲೆ ಒಂದಿಡೀ ಸೀಸನ್ ಕೂತರು. 2002ರ ವಿಶ್ವಕಪ್‌ನಲ್ಲಿ 8 ಗೋಲು, ಫೈನಲ್‌ನಲ್ಲಿ ಎರಡೂ ಅವರದೇ. ಕೂತರೆ ಆಟ ಮುಗಿಯಿತು ಅಂತ ಹೆದರುವ ಹುಡುಗನಿಗೆ ಇದನ್ನು ಹೇಳಿ.

ಜಾಗ ಹೋಗುತ್ತೆ ಅನ್ನುವ ಹೆದರಿಕೆ ನಿಜವಾದದ್ದು, ಅದನ್ನು ನಾನು ಹಗುರ ಮಾಡುವುದಿಲ್ಲ. ದೊಡ್ಡ ಆಟಗಾರನಿಗೆ ದಿನಾ ನೋಡುವ ಫಿಸಿಯೋ ಇದ್ದಾರೆ, ಬೇಕೆಂದಾಗ ಸ್ಕ್ಯಾನ್ ಇದೆ, ಕೂತರೂ ಸಂಬಳ ಬರುತ್ತದೆ. ನಮ್ಮ ಕಡೆಯಿಂದ ರೈಲು ಹತ್ತಿ ಮಡಗಾಂವ್‌ಗೆ ಹೋಗಿ ಆಡುವ ಹುಡುಗನಿಗೆ ಅದರಲ್ಲಿ ಎಷ್ಟು ಸಿಗುತ್ತದೆ? ಅದಕ್ಕೇ ನೀವು ಜೊತೆಗೆ ನಿಲ್ಲಬೇಕು. ಕಾಂಟ್ರಾಕ್ಟ್ ತೆಗೆದು, ಗಾಯವಾದಾಗ ಚಿಕಿತ್ಸೆ ಮತ್ತು ಸಂಬಳದ ಬಗ್ಗೆ ಏನು ಬರೆದಿದೆ ನೋಡಿ. ಸ್ಕ್ಯಾನ್ ಮಾಡಿಸಿ, 'ಇಷ್ಟು ವಾರ ಆಟ ಬೇಡ' ಅಂತ ಡಾಕ್ಟರ್ ಕೈಯಲ್ಲಿ ಬರೆಸಿ, ಅದರ ಪ್ರತಿಯನ್ನು ಕ್ಲಬ್‌ಗೆ ಕೊಡಿ. ಬಾಯಿಮಾತು ಸಾಲದು. ನಮ್ಮ ದೇಶದಲ್ಲಿ ಫುಟ್‌ಬಾಲ್ ಆಟಗಾರರದೇ ಒಂದು ಸಂಘವೂ ಇದೆ, ಭಾರತ ತಂಡದ ಮಾಜಿ ನಾಯಕ ಬೈಚುಂಗ್ ಭುಟಿಯಾ ಅದರ ಅಧ್ಯಕ್ಷರಾಗಿದ್ದವರು. ಒತ್ತಡ ಜಾಸ್ತಿಯಾದರೆ ಅಲ್ಲಿ ವಿಚಾರಿಸಿ.

ಮತ್ತೆ ಯಾವಾಗ ಆಡಬಹುದು? ದಿನ ಎಣಿಸಬೇಡಿ. ತೊಡೆ ಒತ್ತಿದರೆ ನೋವಿರಬಾರದು. ಎರಡೂ ಕಾಲಿನ ಬಲ ಸಮ ಇರಬೇಕು. ಪೂರ್ತಿ ವೇಗದಲ್ಲಿ ಓಡಿ, ಗಕ್ಕನೆ ನಿಂತು, ತಿರುಗಿ ಮತ್ತೆ ಓಡಲು ಅಳುಕು ಇರಬಾರದು. ಅಭ್ಯಾಸದಲ್ಲಿ ಇದೆಲ್ಲ ಮತ್ತೆ ಮತ್ತೆ ಆದ ಮೇಲೆ ಪಂದ್ಯ. ಓಟವನ್ನು ಸಮತಟ್ಟಾದ ಮೈದಾನದಲ್ಲಿ ಶುರು ಮಾಡಲಿ. ಟಾಗೋರ್ ಬೀಚಿನ ಮೆತ್ತನೆ ಮರಳಿನಲ್ಲಿ ಈಗಲೇ ಬೇಡ, ಕಾಲು ಹೂತು ಮೀನಖಂಡಕ್ಕೆ ಭಾರ ಬೀಳುತ್ತದೆ. ಪೂರ್ತಿ ವಾಸಿಯಾದ ಮೇಲೆ ನಾರ್ಡಿಕ್ ಅನ್ನುವ ವ್ಯಾಯಾಮ ಕಲಿಯಲಿ. ಮಂಡಿಯೂರಿ ಕೂತು, ಹಿಂದಿನಿಂದ ಗೆಳೆಯ ಹಿಮ್ಮಡಿ ಒತ್ತಿ ಹಿಡಿಯಬೇಕು. ಮೈ ನೆಟ್ಟಗೆ ಇಟ್ಟುಕೊಂಡು ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗಬೇಕು. ಖರ್ಚಿಲ್ಲ, ಸಾಮಾನು ಬೇಡ. ತಪ್ಪದೆ ಮಾಡುವ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ.

ಪ್ರಶ್ನೆ: ನಾನು ಪಿ.ಟಿ. ಮಾಸ್ತರ್. ಪಂದ್ಯದಲ್ಲಿ ನಮ್ಮ ಗೋಲ್‌ಕೀಪರ್ ಹುಡುಗನ ತಲೆ ಕಂಬಕ್ಕೆ ಬಡಿಯಿತು. ಎರಡು ನಿಮಿಷದಲ್ಲಿ ಎದ್ದು 'ಆಡ್ತೇನೆ ಸರ್' ಅಂದ. ನಾನು ಇಳಿಸಲಿಲ್ಲ, ಪಾಲಕರು ಸಿಟ್ಟಾದರು. ನಾನು ಮಾಡಿದ್ದು ಜಾಸ್ತಿ ಆಯ್ತಾ?
– ಶಿರಸಿ

ಉತ್ತರ: ಖಂಡಿತ ಇಲ್ಲ ಮಾಸ್ತರೇ, ನೀವು ಮಾಡಿದ್ದೇ ಸರಿ. ತಲೆಗೆ ಪೆಟ್ಟು ಬಿದ್ದು ಮಂಕಾದರೆ ಆ ದಿನ ಆಟ ಇಲ್ಲ. ಇದರಲ್ಲಿ ಚರ್ಚೆಯೇ ಬೇಡ. 2014ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಕ್ರಾಮರ್ ತಲೆಗೆ ಪೆಟ್ಟು ತಿಂದೂ ಸುಮಾರು ಕಾಲು ಗಂಟೆ ಆಡಿದರು. ನಡುವೆ ರೆಫರಿ ಹತ್ತಿರ ಹೋಗಿ, 'ಇದು ಫೈನಲ್ಲಾ?' ಅಂತ ಕೇಳಿದ್ದರು. ಯಾವ ಪಂದ್ಯ ಆಡುತ್ತಿದ್ದೇನೆ ಅನ್ನುವುದೇ ಗೊತ್ತಿಲ್ಲದ ಮನುಷ್ಯ ಮೈದಾನದಲ್ಲಿ ಓಡುತ್ತಿದ್ದರು! ಈಗ ನಿಯಮವೂ ಬದಲಾಗಿದೆ. ತಲೆಗೆ ಪೆಟ್ಟಾದವನ ಬದಲಿಗೆ ಹೆಚ್ಚುವರಿ ಆಟಗಾರನನ್ನು ಇಳಿಸಲು 2024ರಿಂದ ಟೂರ್ನಿಗಳಿಗೆ ಅವಕಾಶ ಇದೆ. ಹುಡುಗನಿಗೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಪಾಲಕರಿಗೆ ಈ ಪುಟ ತೋರಿಸಿ.

ಪ್ರಶ್ನೆ: ಪಾದದ ಗಂಟು ಉಳುಕಿದ ತಕ್ಷಣ ಬಿಸಿ ಎಣ್ಣೆ ಹಾಕಿ ತಿಕ್ಕಿದರೆ ಮರುದಿನ ಆಡಬಹುದಾ?
– ಕುಮಟಾ

ಉತ್ತರ: ಬೇಡ ತಮ್ಮಾ. ಮೊದಲ ಎರಡು ದಿನ ತಿಕ್ಕಿದರೆ, ಬಿಸಿ ಕೊಟ್ಟರೆ ಬಾವು ಜಾಸ್ತಿಯಾಗುತ್ತದೆ. ಮಂಜುಗಡ್ಡೆ ಇಡು. ಮೀನು ಪೇಟೆ ಇರುವ ಊರಿನಲ್ಲಿ ಅದಕ್ಕೇನು ಬರ? ಬಟ್ಟೆಯಲ್ಲಿ ಸುತ್ತಿ ಕಾಲು ಗಂಟೆ ಇಡು, ಬರೀ ಚರ್ಮದ ಮೇಲೆ ಬೇಡ. ಕಾಲು ಎತ್ತರದಲ್ಲಿ ಇಟ್ಟು ಮಲಗು. ಗಂಟಿನ ಮೂಳೆ ಒತ್ತಿದರೆ ನೋವಿದ್ದರೆ, ಇಲ್ಲವೇ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಅದು ಬರೀ ಉಳುಕು ಅಲ್ಲದಿರಬಹುದು, ಅವತ್ತೇ ಎಕ್ಸ್‌ರೇ ತೆಗೆಸು. ಮರುದಿನದ ಪಂದ್ಯಕ್ಕೆ ಬೇರೆ ಹುಡುಗನ ಹೆಸರು ಬರೆಸು.