ವಾಹನ ಜಿಜ್ಞಾಸೆ: ಹಳೆಯ ಸ್ಪೋರ್ಟ್ಸ್ ಕಾರಿನ ಅಸಲಿತನ, ಹರಾಜಿನ ಬೆಲೆ

ಪ್ರಶ್ನೆ: ನಮ್ಮ ದೊಡ್ಡಪ್ಪನವರು 1960ರ ದಶಕದಲ್ಲಿ ಸಂಡೂರು ಕಡೆಯ ಗಣಿ ಅಧಿಕಾರಿಯೊಬ್ಬರಿಂದ ಕೊಂಡ 1948ರ ಎಂ.ಜಿ. ಟಿ.ಸಿ. ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಕೌಲ್ ಬಜಾರಿನ ನಮ್ಮ ಹಳೆಯ ಮನೆಯ ಶೆಡ್ಡಿನಲ್ಲಿ ಮೂವತ್ತು ವರ್ಷಗಳಿಂದ ನಿಂತಿದೆ. ಬಣ್ಣ ಸುಲಿದಿದೆ, ಸೀಟಿನ ಚರ್ಮ ಬಿರಿದಿದೆ, ಬಾಗಿಲಿನ ಒಳಗಿನ ಮರಕ್ಕೆ ಗೆದ್ದಲು ಹತ್ತಿದೆ. ಎಂಜಿನ್ ಒಮ್ಮೆ ಬದಲಾಗಿದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಹರಾಜಿಗೆ ಇಡುವ ಮೊದಲು ಪೂರ್ತಿ ಬಿಚ್ಚಿ, ಹೊಸ ಬಣ್ಣ ಹೊಡೆಸಿ, ಹೊಸದರಂತೆ ಮಾಡಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂಬುದು ಗ್ಯಾರೇಜಿನವರ ಅಭಿಪ್ರಾಯ. ಮಾಡಿಸಬಹುದೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಸದ್ಯಕ್ಕೆ ಮಾಡಿಸಬೇಡಿ. ಗೆದ್ದಲನ್ನು ಮಾತ್ರ ಇಂದೇ ನಿಲ್ಲಿಸಿ. ಟಿ.ಸಿ. ಕಾರಿನ ಮೈ ಎಂದರೆ ಆ್ಯಶ್ ಎಂಬ ಮರದ ಚೌಕಟ್ಟಿನ ಮೇಲೆ ಹೊದಿಸಿದ ಉಕ್ಕಿನ ತಗಡು. ಮರ ಪುಡಿಯಾದರೆ ತಗಡಿಗೆ ಆಧಾರವೇ ಉಳಿಯುವುದಿಲ್ಲ, ಬಾಗಿಲು ಜೋತು ಬೀಳುತ್ತದೆ, ಆಮೇಲೆ ಮೂಲದ ಅಳತೆಯನ್ನು ಯಾರೂ ಹೇಳಲಾರರು. ಕಾರನ್ನು ಮಣ್ಣಿನ ನೆಲದಿಂದ ಎತ್ತಿ ಇಟ್ಟಿಗೆಯ ಮೇಲೆ ನಿಲ್ಲಿಸಿ, ಔಷಧ ಹೊಡೆಸಿ, ಉದುರಿದ ಮರದ ಚೂರುಗಳನ್ನೂ ಒಂದು ಡಬ್ಬಿಯಲ್ಲಿ ಕಟ್ಟಿಡಿ. ಬಡಗಿಗೆ ಅಳತೆ ಹಿಡಿಯಲು ಮುಂದೆ ಅವೇ ಬೇಕಾಗುತ್ತವೆ.

ಬಣ್ಣದ ವಿಷಯದಲ್ಲಿ ನಮ್ಮವರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಹೊಳೆಯುವುದೆಲ್ಲ ಬೆಲೆ ಬಾಳುತ್ತದೆ ಎಂದುಕೊಳ್ಳುತ್ತೇವೆ. ಕಿನ್ನಾಳದ ಹಳೆಯ ಗೊಂಬೆಯೊಂದಕ್ಕೆ ಅಂಗಡಿಯ ಎನಾಮೆಲ್ ಪೇಂಟ್ ಬಳಿಸಿದ್ದ ಮನೆಯೊಂದನ್ನು ನಾನು ನೋಡಿದ್ದೇನೆ. ಗೊಂಬೆ ಫಳಫಳ ಹೊಳೆಯುತ್ತಿತ್ತು, ಕಿನ್ನಾಳದ ಕೈ ಮಾತ್ರ ಅದರಲ್ಲಿ ಕಾಣುತ್ತಿರಲಿಲ್ಲ. ಕಾರಿನ ಮೊದಲ ಬಣ್ಣವೂ ಹಾಗೆಯೇ, ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಸಿಗುವುದಿಲ್ಲ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಹರಾಜೊಂದರಲ್ಲಿ 1961ರ ಫೆರಾರಿ 250 ಜಿ.ಟಿ. ಕ್ಯಾಲಿಫೋರ್ನಿಯಾ ಸ್ಪೈಡರ್ ಮಾರಾಟವಾಯಿತು. ಪಶ್ಚಿಮ ಫ್ರಾನ್ಸಿನ ಒಂದು ಶೆಡ್ಡಿನಲ್ಲಿ ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ದಶಕಗಳ ಕಾಲ ಬಿದ್ದಿದ್ದ ಆ ಕಾರನ್ನು ತೊಳೆದು ಬಣ್ಣ ಬಳಿಯದೆ, ಧೂಳು ಸಮೇತ ಹರಾಜಿಗೆ ತಂದರು. ಅದಕ್ಕೆ ಬಂದ ಬೆಲೆ 1 ಕೋಟಿ 63 ಲಕ್ಷ ಯೂರೋ. ನಟ ಅಲೇನ್ ಡೆಲಾನ್ ಒಮ್ಮೆ ಅದರ ಒಡೆಯನಾಗಿದ್ದನೆಂಬುದೂ ಬೆಲೆ ಏರಿಸಿತು ಎನ್ನುವುದು ನಿಜ. ಆದರೆ ಆ ಧೂಳನ್ನು ಯಾರೂ ದೋಷವೆಂದು ಎಣಿಸಲಿಲ್ಲ. ನಿಮ್ಮ ಟಿ.ಸಿ.ಗೆ ಅಂಥ ಬೆಲೆ ಬರುವುದಿಲ್ಲ. 1945ರಿಂದ 1949ರವರೆಗೆ ಹತ್ತು ಸಾವಿರದಷ್ಟು ತಯಾರಾದ ಕಾರು ಅದು. ಕೊಳ್ಳುವವನ ಲೆಕ್ಕಾಚಾರ ಮಾತ್ರ ಎರಡೂ ಕಡೆ ಒಂದೇ: ಬಣ್ಣವನ್ನು ತಾನೇ ಹೊಡೆಸಿಕೊಳ್ಳಬಲ್ಲ, ಕಳೆದುಹೋದ ಸಾಕ್ಷ್ಯವನ್ನು ಯಾವ ದುಡ್ಡಿಗೂ ಮರಳಿ ತರಲಾರ.

ಆದ್ದರಿಂದ ಮೊದಲು ಸಾಕ್ಷ್ಯ ಕೂಡಿಸಿ. ಟಿ.ಸಿ.ಯ ಚಾಸಿ ಸಂಖ್ಯೆಯನ್ನು ಮುಂಭಾಗದಲ್ಲಿ, ಸ್ಪ್ರಿಂಗ್ ಪಾಟಾ ಬಂದು ಕೂಡುವ ಚಾಸಿಯ ಚಾಚಿನ ಮೇಲೆ ಕೈಯಿಂದ ಗುದ್ದಿರುತ್ತಾರೆ. ಅಲ್ಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ತಂತಿ ಬ್ರಷ್, ಎಮರಿ ಪೇಪರ್ ಎರಡನ್ನೂ ಹತ್ತಿರ ತರಬೇಡಿ. ತೆಳುವಾದ ಕಾಗದವನ್ನಿಟ್ಟು ಆರ್.ಟಿ.ಓ. ಕಚೇರಿಯಲ್ಲಿ ಮಾಡುವಂತೆ ಪೆನ್ಸಿಲ್ ಪ್ರಿಂಟ್ ತೆಗೆಯಿರಿ. ಕೈಯಿಂದ ಗುದ್ದಿದ ಅಂಕಿಗಳು ಸಾಮಾನ್ಯವಾಗಿ ಒಂದೇ ಗೆರೆಯಲ್ಲಿ ಕೂತಿರುವುದಿಲ್ಲ, ಅವುಗಳ ಅಂಚಿನಲ್ಲಿ ಲೋಹ ಸ್ವಲ್ಪ ಉಬ್ಬಿರುತ್ತದೆ. ಹಳೆಯ ಸಂಖ್ಯೆಯನ್ನು ಅಳಿಸಿ ಹೊಸದನ್ನು ಗುದ್ದಿದ್ದರೆ ಆ ಜಾಗ ಸುತ್ತಲಿಗಿಂತ ನುಣ್ಣಗೆ, ತುಸು ತಗ್ಗಾಗಿ ಬೆರಳಿಗೆ ಸಿಗುತ್ತದೆ. ಪ್ರಸಂಗವಶಾತ್ ಹೇಳುವುದಾದರೆ, ಟಿ.ಸಿ.ಗಳ ಚಾಸಿ ಸಂಖ್ಯೆ ಒಂದರಿಂದ ಆರಂಭವಾಗದೆ 0251ರಿಂದ ಆರಂಭವಾಗುತ್ತದೆ. ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿದ್ದ ಎಂ.ಜಿ. ಕಾರ್ಖಾನೆಯ ಟೆಲಿಫೋನ್ ಸಂಖ್ಯೆ 251 ಆಗಿತ್ತಂತೆ!

ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೂವತ್ತು ವರ್ಷಗಳ ಹಿಂದೆ ಇದೇ ಬಳ್ಳಾರಿಯಲ್ಲಿ ಪರಿಚಯದವರ ಹಳೆಯ ಕಾರೊಂದರ ಚಾಸಿಯನ್ನು ಶುಚಿ ಮಾಡುವ ಉತ್ಸಾಹದಲ್ಲಿ ನಾನೇ ಗ್ರೈಂಡರ್ ಹಿಡಿದು, ತುಕ್ಕಿನ ಜೊತೆಗೆ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನೂ ಉಜ್ಜಿಬಿಟ್ಟೆ. ಮಾಲೀಕರು ನನ್ನನ್ನು ಬೈಯಲಿಲ್ಲ. ನಾಲ್ಕು ವರ್ಷಗಳ ನಂತರ ಕೊಳ್ಳಲು ಬಂದವನು ಆ ನುಣ್ಣನೆಯ ಜಾಗವನ್ನು ಬೆರಳಿನಿಂದ ಸವರಿ, ಚಹಾ ಕುಡಿದು ಎದ್ದು ಹೋದದ್ದನ್ನು ಮಾತ್ರ ಅವರು ನನಗೆ ತಪ್ಪದೆ ತಿಳಿಸಿದರು.

ಇನ್ನು ಎಂಜಿನ್. ಟಿ.ಸಿ.ಗೆ ಇದ್ದದ್ದು 1250 ಸಿ.ಸಿ.ಯ ಎಕ್ಸ್.ಪಿ.ಎ.ಜಿ. ಎಂಜಿನ್. ಅದರ ಸಂಖ್ಯೆ ಬ್ಲಾಕಿಗೆ, ಅಂದರೆ ಎಂಜಿನ್ನಿನ ಎರಕದ ಒಡಲಿಗೆ, ರಿವೆಟ್ ಹೊಡೆದ ಅಷ್ಟಕೋನದ ಹಿತ್ತಾಳೆ ತಗಡಿನ ಮೇಲಿರುತ್ತದೆ. ರಿವೆಟ್ ಹೊಡೆದದ್ದನ್ನು ಕಿತ್ತು ಬೇರೆ ಬ್ಲಾಕಿಗೆ ಕೂರಿಸಲು ಹೆಚ್ಚು ಹೊತ್ತು ಬೇಕಿಲ್ಲ, ಆದ್ದರಿಂದ ತಗಡನ್ನಷ್ಟೇ ನಂಬಬೇಡಿ. ಇದೇ ಮನೆತನದ 1140 ಸಿ.ಸಿ.ಯ ಇನ್ನೊಂದು ಎಂಜಿನ್ ಮಾರಿಸ್ ಟೆನ್ ಕಾರಿಗೆ ಇತ್ತು, ಮತ್ತು ನಮ್ಮ ದೇಶದ ಹಿಂದೂಸ್ತಾನ್ ಟೆನ್ ಆ ಮಾರಿಸ್ ಟೆನ್ನಿನ ಆಧಾರದ ಮೇಲೆಯೇ ತಯಾರಾದ ಕಾರು. ಅಂದಿನ ಮಿಸ್ತ್ರಿಗಳು ಕೈಗೆ ಸಿಕ್ಕ ಎಂಜಿನ್ನಿನಿಂದ ಗಾಡಿ ಓಡಿಸಿದವರು, ಅದರಲ್ಲಿ ಅವರ ತಪ್ಪೇನೂ ಇಲ್ಲ. ನಿಮ್ಮ ಕಾರಿನಲ್ಲಿ ಈಗ ಇರುವುದು ಯಾವುದೆಂದು ಬ್ಲಾಕನ್ನು ನೋಡಿಯೇ ತೀರ್ಮಾನಿಸಬೇಕು. ಹಳೆಯ ಬ್ಲಾಕು ಶೆಡ್ಡಿನ ಮೂಲೆಯಲ್ಲಿ ಬಿರುಕು ಬಿಟ್ಟು ಬಿದ್ದಿದ್ದರೂ ಅದನ್ನು ಗುಜರಿಗೆ ಹಾಕಬೇಡಿ. ಬಿರುಕನ್ನು ಹೊಲಿಯಬಲ್ಲವರು ಇದ್ದಾರೆ, ಮತ್ತು ಆ ಬ್ಲಾಕು ಕಾರಿನ ಜೊತೆಗೇ ಹೋದರೆ ಕೊಳ್ಳುವವನ ಧೈರ್ಯ ಹೆಚ್ಚುತ್ತದೆ. ದೊಡ್ಡಪ್ಪನವರ ಖರೀದಿ ಚೀಟಿ, ಹಳೆಯ ಆರ್.ಸಿ., ವಿಮೆಯ ರಸೀದಿ, ಮದುವೆಯ ಮೆರವಣಿಗೆಯಲ್ಲಿ ಕಾರು ಕಾಣುವ ಫೋಟೋ ಇದ್ದರೆ ಎಲ್ಲವನ್ನೂ ಒಂದು ಫೈಲಿಗೆ ಸೇರಿಸಿ. ತಯಾರಿಕೆಯ ದಾಖಲೆಗಾಗಿ ಅಬಿಂಗ್ಡನ್ನಿನಲ್ಲಿರುವ ಎಂ.ಜಿ. ಕಾರ್ ಕ್ಲಬ್ಬಿಗೆ ಬರೆದು ವಿಚಾರಿಸಿ. ಹೊರದೇಶದ ಹರಾಜು ನಿಮ್ಮ ಮನಸ್ಸಿನಲ್ಲಿದ್ದರೆ, ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ರಫ್ತು ನಿಯಮಗಳನ್ನು ನೋಡದೆ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ.

ಪ್ರಶ್ನೆ: ಚಕ್ರ ಬದಲಾಯಿತು, ಎಂಜಿನ್ ಬದಲಾಯಿತು, ಮೈಯೂ ಬದಲಾಯಿತು ಎಂದರೆ ಅದು ಅದೇ ಕಾರು ಎಂದು ಹೇಳುವುದಾದರೂ ಹೇಗೆ? ಕೋಟಿಗಟ್ಟಲೆ ಹಣ ಸುರಿಯುವವರು ಇದನ್ನು ಹೇಗೆ ತೀರ್ಮಾನಿಸುತ್ತಾರೆ?
– ನಿವೃತ್ತ ಉಪನ್ಯಾಸಕರೊಬ್ಬರು, ರಾಯಚೂರು

ಉತ್ತರ: ಮಾನ್ಯರೇ, ಇದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ಬಂದಿತ್ತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ಸ್ ಇಪ್ಪತ್ತನಾಲ್ಕು ಗಂಟೆಗಳ ಕಾರು ಓಟವನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿದರು. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಕಾರ್ಖಾನೆಯವರೇ ಓಟದಿಂದ ಓಟಕ್ಕೆ ಭಾಗಗಳನ್ನು ಬದಲಿಸುತ್ತ ಬಂದಿದ್ದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟದ ಕಣದಲ್ಲಿ ಅಪಘಾತವಾಗಿ ಚಾಲಕನೇ ಸತ್ತ, ಆಮೇಲೆ ಕಾರಿಗೆ ಬೇರೆಯೇ ಮೈ ಬಂತು. 1929ರ ಲೋಹದಲ್ಲಿ ಉಳಿದದ್ದು ಅತ್ಯಲ್ಪ. ನ್ಯಾಯಮೂರ್ತಿ ಆಟನ್ ಅವರು ಎರಡು ಮಾತುಗಳನ್ನು ಬೇರ್ಪಡಿಸಿದರು. ಈ ಕಾರು ಮೂಲಸ್ಥಿತಿಯಲ್ಲಿ ಇಲ್ಲ, ಆದರೆ ಇದೇ ಅಸಲಿ ಓಲ್ಡ್ ನಂಬರ್ ಒನ್ ಹೌದು. ಭಾಗಗಳು ಒಂದೊಂದಾಗಿ ಬದಲಾದರೂ ಕಾರು ಎಂಬ ಒಟ್ಟು ವಸ್ತುವಿನ ಇತಿಹಾಸ ಎಲ್ಲಿಯೂ ತುಂಡಾಗಿಲ್ಲ, ಅದೇ ಹೆಸರನ್ನು ಹೊರಬಲ್ಲ ಇನ್ನೊಂದು ಕಾರು ಎಲ್ಲಿಯೂ ಇಲ್ಲ ಎಂಬುದು ಆ ತೀರ್ಪಿನ ತಿರುಳು.

ನಮ್ಮ ಊರಿನ ತೇರನ್ನು ನೆನೆಸಿಕೊಂಡರೆ ಈ ತೀರ್ಪು ಕಷ್ಟವೆನಿಸುವುದಿಲ್ಲ. ಗಾಲಿ ಬದಲಿಸುತ್ತೇವೆ, ಅಚ್ಚು ಬದಲಿಸುತ್ತೇವೆ, ಹಗ್ಗವಂತೂ ಆಗಾಗ ಹೊಸದು. ಆದರೂ ಜಾತ್ರೆಯ ದಿನ ಎಳೆಯುವುದು ಅದೇ ತೇರು. ಹಳೆಯ ಗಾಲಿಗಳನ್ನು ಒಯ್ದು ಪಕ್ಕದ ಊರಿನವರು ಅವುಗಳ ಮೇಲೆ ಇನ್ನೊಂದು ತೇರು ಕಟ್ಟಿ ‘ನಿಮ್ಮದು ಇದೇ’ ಎಂದಾಗ ಮಾತ್ರ ತಂಟೆ. ಕಾರುಗಳ ವಿಷಯದಲ್ಲಿ ಇಂಥ ತಂಟೆ ನಿಜವಾಗಿಯೂ ನಡೆದಿದೆ: ಒಂದೇ ಚಾಸಿ ಸಂಖ್ಯೆಯನ್ನು ಎರಡು ಕಾರುಗಳು ಹೇಳಿಕೊಳ್ಳುತ್ತವೆ, ಒಂದರಲ್ಲಿ ಹಳೆಯ ಚಾಸಿ, ಇನ್ನೊಂದರಲ್ಲಿ ಹಳೆಯ ಎಂಜಿನ್. ಹರಾಜಿನ ಮನೆಗಳು ಅತ್ಯಂತ ಅಂಜುವುದು ಇದಕ್ಕೇ.

ಯಾರು ಬದಲಿಸಿದರು, ಯಾವಾಗ ಬದಲಿಸಿದರು ಎಂಬುದೂ ಮುಖ್ಯ. ಕೇವಲ 36 ತಯಾರಾದ ಫೆರಾರಿ 250 ಜಿ.ಟಿ.ಓ. ಕಾರುಗಳಲ್ಲಿ ಒಂದು 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಹರಾಜಿನ ಅಂದಿನ ದಾಖಲೆ ಬೆಲೆಗೆ ಹೋಯಿತು. ಆ 1962ರ ಕಾರಿನ ಮೈ 1962ರದ್ದಲ್ಲ! 1964ರಲ್ಲಿ ಫೆರಾರಿಗೆ ಮೈ ಕಟ್ಟಿಕೊಡುತ್ತಿದ್ದ ಸ್ಕಾಗ್ಲಿಯೆಟ್ಟಿಯವರೇ ಓಟಕ್ಕೆಂದು ಹೊಸ ವಿನ್ಯಾಸದ ಮೈ ತೊಡಿಸಿದ್ದರು. ಎಂಜಿನ್, ಗೇರ್ ಬಾಕ್ಸ್, ಹಿಂಬದಿಯ ಆಕ್ಸಲ್ ಮೂಲದವೇ ಉಳಿದಿದ್ದವು. ಅದೇ ಬದಲಾವಣೆಯನ್ನು 1994ರಲ್ಲಿ ಯಾರೋ ಒಬ್ಬರು ಅಂದಕ್ಕಾಗಿ ಮಾಡಿಸಿದ್ದರೆ ಅದು ಕಾರಿಗೆ ಕಳಂಕವಾಗುತ್ತಿತ್ತು. ಇನ್ನೊಂದು ತುದಿಯಲ್ಲಿ 1954ರ ಫೆರಾರಿ 500 ಮೊಂಡಿಯಲ್ ಇದೆ. 1960ರ ದಶಕದಲ್ಲಿ ಬೆಂಕಿಗೆ ಸಿಕ್ಕಿ ಮುದ್ದೆಯಾದ, ಕಾರೆಂದು ಹೇಳಿದರೆ ಮಾತ್ರ ಕಾರೆಂದು ತಿಳಿಯುವ ಆ ತಗಡಿನ ರಾಶಿ 2023ರ ಆಗಸ್ಟಿನಲ್ಲಿ 18 ಲಕ್ಷ 75 ಸಾವಿರ ಡಾಲರಿಗೆ ಮಾರಾಟವಾಯಿತು. ಕೊಂಡವರು ಕೊಂಡದ್ದು ಕಾರಿನ ಗುರುತನ್ನು. ಇದು ನನಗೆ ಸ್ವಲ್ಪ ಅತಿಯೆನಿಸುತ್ತದೆ: ಅದನ್ನು ಮತ್ತೆ ಓಡುವಂತೆ ಕಟ್ಟಿದಾಗ ಹೊಸ ಲೋಹವೇ ಹೆಚ್ಚಿರುತ್ತದೆ. ಆದರೆ ಇತಿಹಾಸ ತುಂಡಾಗಿಲ್ಲ ಎಂಬ ವಾದವನ್ನು ಒಪ್ಪಿದ ಮೇಲೆ ಇದನ್ನೂ ಒಪ್ಪಬೇಕಾಗುತ್ತದೆ.

ಪ್ರಶ್ನೆ: ಹರಾಜಿನಲ್ಲಿ ಕೂಗಿದ ಬೆಲೆ ಬೇರೆ, ಪತ್ರಿಕೆಯಲ್ಲಿ ಬರುವ ಬೆಲೆ ಬೇರೆ ಇರುವುದೇಕೆ? ಎ.ಪಿ.ಎಂ.ಸಿ. ಹರಾಜನ್ನು ದಿನವೂ ನೋಡುವ ನಮಗೆ ಇದು ಅರ್ಥವಾಗಲಿಲ್ಲ.
– ಭತ್ತದ ವ್ಯಾಪಾರಿಯೊಬ್ಬರು, ಸಿಂಧನೂರು

ಉತ್ತರ: ಮೇಲೆ ಹೇಳಿದ ಜಿ.ಟಿ.ಓ. ಲೆಕ್ಕವನ್ನೇ ನೋಡಿ. ಹರಾಜುಗಾರನ ಸುತ್ತಿಗೆ ಬಿದ್ದದ್ದು, ಅಂದರೆ ಕೂಗು ನಿಂತದ್ದು, 4 ಕೋಟಿ 40 ಲಕ್ಷ ಡಾಲರಿಗೆ. ಅದರ ಮೇಲೆ ಹರಾಜಿನ ಮನೆ ಕೊಳ್ಳುವವರಿಂದ ಕಮಿಷನ್ ಪಡೆಯುತ್ತದೆ: ಮೊದಲ ಎರಡೂವರೆ ಲಕ್ಷ ಡಾಲರಿಗೆ ಶೇಕಡಾ 12ರಂತೆ 30 ಸಾವಿರ, ಉಳಿದ 4 ಕೋಟಿ 37 ಲಕ್ಷ 50 ಸಾವಿರಕ್ಕೆ ಶೇಕಡಾ 10ರಂತೆ 43 ಲಕ್ಷ 75 ಸಾವಿರ. ಒಟ್ಟು 4 ಕೋಟಿ 84 ಲಕ್ಷ 5 ಸಾವಿರ ಡಾಲರ್, ಅಂದಿನ ದರದಲ್ಲಿ ಸುಮಾರು 340 ಕೋಟಿ ರೂಪಾಯಿ. ಪತ್ರಿಕೆಯಲ್ಲಿ ಬರುವುದು ಸಾಮಾನ್ಯವಾಗಿ ಈ ಒಟ್ಟು ಮೊತ್ತ. ಮಾರುವವರಿಂದಲೂ ಕಮಿಷನ್ ಪಡೆಯುವ ರೂಢಿಯಿದೆ, ಆದರೆ ದೊಡ್ಡ ಕಾರು ತಂದವರು ಚೌಕಾಸಿ ಮಾಡಿ ಅದನ್ನು ಇಳಿಸಿಕೊಳ್ಳುತ್ತಾರೆ. ದಲಾಲಿ ನಿಮಗೆ ಹೊಸದಲ್ಲ, ಬಿಡಿ.

ನಿಮ್ಮ ಮಾರುಕಟ್ಟೆಗೆ ಹೋಲದ ಸಂಗತಿ ಇನ್ನೊಂದಿದೆ. ಮಾರುವವರು ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಗುಟ್ಟಾಗಿ ಗೊತ್ತುಮಾಡುವ ರಿಸರ್ವ್ ಬೆಲೆ ಅದು. ಅಲ್ಲಿಯವರೆಗೆ ಹರಾಜುಗಾರನೇ ಮಾರುವವರ ಪರವಾಗಿ ಕೂಗನ್ನು ಏರಿಸುತ್ತ ಹೋಗಬಹುದು, ಷರತ್ತುಗಳಲ್ಲಿ ಹಾಗೆಂದು ಬರೆದೇ ಇರುತ್ತದೆ. ಆದ್ದರಿಂದ ಆರಂಭದ ಕೂಗುಗಳನ್ನು ಕೇಳಿ ‘ಇಷ್ಟು ಜನ ಬಯಸುತ್ತಿದ್ದಾರೆ’ ಎಂದು ಭ್ರಮಿಸಬಾರದು. ಮತ್ತೆ, ಕಾರನ್ನು ಇದ್ದಲ್ಲಿ ಇದ್ದಂತೆಯೇ ಕೊಡುತ್ತಾರೆ. ಭತ್ತದ ಚೀಲಕ್ಕೆ ಬಂಬು ಚುಚ್ಚಿ ಕಾಳು ನೋಡಿದಂತೆ ಕಾರನ್ನು ನೋಡಬೇಕಾದದ್ದು ಸುತ್ತಿಗೆ ಬೀಳುವ ಮೊದಲೇ. ಮೈ ಉಕ್ಕಿನದಾದರೆ ಅಯಸ್ಕಾಂತ ಹಿಡಿದು ಪುಟ್ಟಿ ಎಲ್ಲಿ ತುಂಬಿದೆ ಎಂದು ತಿಳಿಯಬಹುದು. ಜಾಗ್ವಾರ್ ಎಕ್ಸ್.ಕೆ. 120ರ ಮೊದಲ ಸುಮಾರು 240 ಕಾರುಗಳಿಗೆ ಅಲ್ಯೂಮಿನಿಯಂ ಮೈ ಇದ್ದುದರಿಂದ ಅಲ್ಲಿ ಅಯಸ್ಕಾಂತ ಹಿಡಿಯಲಿಲ್ಲವೆಂದು ಗಾಬರಿಯಾಗಬೇಕಿಲ್ಲ, ಹಿಡಿದರೆ ಗಾಬರಿಯಾಗಬೇಕು.

ಪ್ರಶ್ನೆ: ನನ್ನ ಬಳಿಯಿರುವ 1970ರ ಎಂ.ಜಿ. ಮಿಡ್ಜೆಟ್ ಕಾರಿಗೆ ಹಿಂದಿನವರು ಮಾರುತಿ ಎಂಜಿನ್ ಕೂರಿಸಿದ್ದಾರೆ. ವಿಂಟೇಜ್ ನೋಂದಣಿ ಸಿಗುತ್ತದೆಯೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಈಗಿರುವ ಸ್ಥಿತಿಯಲ್ಲಿ ಕಷ್ಟ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿಸಿಕೊಂಡು ಬಂದ, ಚಾಸಿ, ಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ ಆ ಮಾನ್ಯತೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹಳೆಯ ನೋಂದಣಿ ಸಂಖ್ಯೆ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ನೋಂದಣಿ ಸಿಕ್ಕ ಮೇಲೂ ಅದರಲ್ಲಿ ದಿನವೂ ಗಂಗಾವತಿಗೆ ಹೋಗಿ ಬರುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥವುಗಳಿಗೆ ಮಾತ್ರ ರಸ್ತೆಗೆ ಇಳಿಸಬೇಕು. ಮಿಡ್ಜೆಟ್ಟಿನ ಮೂಲ ಜಾತಿಯ ಎಂಜಿನ್ ಹುಡುಕಿ ಕೂರಿಸಿದ ಮೇಲೆ ಅರ್ಜಿ ಹಾಕುವುದು ಮೇಲು. ಎಂಜಿನ್ ಹೊರತೆಗೆಯುವಾಗ ಮಾರುತಿಗಾಗಿ ಕೊರೆದ ತೂತುಗಳು, ಕತ್ತರಿಸಿದ ಮೌಂಟಿಂಗುಗಳು ಎಷ್ಟಿವೆ ನೋಡಿ. ಮುಂದಿನ ಖರ್ಚು ಅದರ ಮೇಲೆ ನಿಂತಿದೆ.

ಪ್ರಶ್ನೆ: ಕಂಪನಿಯೇ ಇಂದು ಹಳೆಯ ನಕ್ಷೆಯಂತೆ ಹೊಸದಾಗಿ ತಯಾರಿಸಿದ ಕಾರು ಅಸಲಿಯೇ, ನಕಲಿಯೇ?
– ವಿದ್ಯಾರ್ಥಿಯೊಬ್ಬರು, ಗಂಗಾವತಿ

ಉತ್ತರ: 1957ರ ಫೆಬ್ರವರಿ 12ರಂದು ಜಾಗ್ವಾರ್ ಕಾರ್ಖಾನೆಗೆ ಬೆಂಕಿ ಬಿದ್ದು, ಯೋಜಿಸಿದ್ದ 25 ಎಕ್ಸ್.ಕೆ.ಎಸ್.ಎಸ್. ಕಾರುಗಳಲ್ಲಿ ಒಂಬತ್ತು ಸುಟ್ಟುಹೋದವು. ಹೊರಗೆ ಬಂದವು 16 ಮಾತ್ರ. ಆ ಒಂಬತ್ತರ ಬದಲಿಗೆ ಒಂಬತ್ತನ್ನು ಮತ್ತೆ ಕಟ್ಟುವುದಾಗಿ 2016ರಲ್ಲಿ ಕಂಪನಿಯೇ ಘೋಷಿಸಿತು, ಒಂದೊಂದಕ್ಕೆ 10 ಲಕ್ಷ ಪೌಂಡಿಗೂ ಮೀರಿದ ಬೆಲೆ. ಕಟ್ಟಿದವರು ಅದೇ ಕಂಪನಿಯವರು, ನಕ್ಷೆ ಅದೇ, ಆದ್ದರಿಂದ ನಕಲಿ ಎನ್ನಲಾಗದು. ಆದರೆ 1957ರ ರಸ್ತೆಯನ್ನು ಅವು ಕಂಡಿಲ್ಲ, ಹಾಗಾಗಿ ಹರಾಜಿನಲ್ಲಿ ಅವುಗಳನ್ನು ಆ 16ರ ಸಾಲಿನಲ್ಲಿ ಯಾರೂ ನಿಲ್ಲಿಸುವುದಿಲ್ಲ. ಮಾರುವವರು ‘2016ರ ನಂತರದ ತಯಾರಿಕೆ’ ಎಂದು ಬರೆದು ಮಾರಿದರೆ ನನ್ನ ತಕರಾರಿಲ್ಲ. ಆ ಸಾಲನ್ನು ಬಿಟ್ಟು ಮಾರಿದರೆ ಅದು ವಂಚನೆ.