ಕರೆಂಟ್ ರೇಟು, ಪವರ್ ಕಟ್ ವಿಚಾರದಲ್ಲಿ ಊರಿನವರು ಸೇರಿ ಏನಾದರೂ ಮಾಡಬಹುದಾ?

ಖಂಡಿತ ಮಾಡಬಹುದು. ಕರ್ನಾಟಕದಲ್ಲಿ ದರ ನಿಗದಿ ಮಾಡುವುದು ಬೆಸ್ಕಾಂ, ಹೆಸ್ಕಾಂಗಳಲ್ಲ, ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಜನರಿಂದ ಬಂದ ಆಕ್ಷೇಪಣೆಗಳನ್ನು ನೋಡಿದ ಮೇಲೆಯೇ ಅದು ಆದೇಶ ಹೊರಡಿಸಬೇಕು. ದರ ಏರಿಸಲು ಕಂಪನಿ ಅರ್ಜಿ ಹಾಕಿದಾಗ ಪೇಪರಿನಲ್ಲಿ ಪ್ರಕಟಣೆ ಬರುತ್ತದೆ, ಆಮೇಲೆ ಸಾರ್ವಜನಿಕ ವಿಚಾರಣೆಯೂ ನಡೆಯುತ್ತದೆ. ವಕೀಲರು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆದರೆ ಸುಮ್ನೆ "ಕರೆಂಟ್ ಸರಿಯಿಲ್ಲ" ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಊರಿಗೊಂದು ನೋಟ್‌ಬುಕ್ ಇಡಿ. ಯಾವ ಫೀಡರ್ (ಊರಿಗೆ ಕರೆಂಟ್ ತರುವ ಲೈನ್), ಯಾವ ತಾರೀಖು, ಎಷ್ಟು ಗಂಟೆಗೆ ಹೋಯಿತು, ಎಷ್ಟಕ್ಕೆ ಬಂತು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದ್ದು ಯಾವತ್ತು, ಬದಲಾಯಿಸಿದ್ದು ಯಾವತ್ತು, ಎಲ್ಲ ಬರೆದಿಡಿ. ನನ್ನ ಪ್ರಕಾರ ನೂರು ಸಹಿಗಿಂತ ಇಂಥ ನಾಲ್ಕು ಪುಟಕ್ಕೆ ಬೆಲೆ ಜಾಸ್ತಿ. ದೂರಿಗೆ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅಲ್ಲೂ ಇದೇ ದಾಖಲೆ ಕೆಲಸಕ್ಕೆ ಬರುತ್ತದೆ.

ಸೋಲಾರ್ ಬೇಕಿದ್ದರೆ 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆ ಚಾವಣಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಅಪಾರ್ಟ್‌ಮೆಂಟ್ ಸಂಘಗಳೂ ಹಾಕಬಹುದು.