ಇಂಟರ್ನೆಟ್ ಪದಗಳನ್ನು ಉರು ಹೊಡೆಯದೆ ಅರ್ಥ ಮಾಡಿಕೊಳ್ಳುವುದು ಹೇಗೆ?

ನೀವು ಪದವಿಯ ಮೊದಲ ವರ್ಷದಲ್ಲಿದ್ದೀರಿ. ಇಂಟರ್ನೆಟ್, ವೆಬ್, ಐಪಿ ವಿಳಾಸ, ಡಿಎನ್‌ಎಸ್, ಎಚ್‌ಟಿಟಿಪಿಎಸ್, ಎಂಬಿಪಿಎಸ್ ಇವುಗಳ ವ್ಯಾಖ್ಯೆಗಳನ್ನು ಎಷ್ಟು ಓದಿದರೂ ಒಂದರೊಳಗೊಂದು ಕಲಸಿಹೋಗುತ್ತವೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ತುಮಕೂರಿನಲ್ಲಿ ಕಂಪ್ಯೂಟರ್ ವಿಷಯ ಬೋಧಿಸುತ್ತೇನೆ. ಶಿರಾ, ಪಾವಗಡ, ಮಧುಗಿರಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬರುವ ಜಾಣ ಮಕ್ಕಳೂ ಇಲ್ಲೇ ಎಡವುವುದನ್ನು ಕಾಣುತ್ತಿರುತ್ತೇನೆ. ಪದಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿ ಕಲಿಸುವುದೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಫೋನಿನಲ್ಲಿ ವಿದ್ಯಾರ್ಥಿವೇತನದ ಸರ್ಕಾರಿ ಜಾಲತಾಣವನ್ನು ತೆರೆಯುವಾಗ ಏನೇನು ನಡೆಯುತ್ತದೆ ಎಂಬುದನ್ನು ಮೊದಲಿಂದ ಹಿಂಬಾಲಿಸಿ ನೋಡಿ, ಪ್ರತಿ ಪದಕ್ಕೂ ಅದರ ಜಾಗ ಸಿಗುತ್ತದೆ.

ಬ್ರೌಸರಿನಲ್ಲಿ ನೀವು ಬರೆಯುವ ಹೆಸರು ಮನುಷ್ಯರ ಅನುಕೂಲಕ್ಕಾಗಿ ಇರುವಂಥದ್ದು. ಯಂತ್ರಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸವೆಂಬ ಸಂಖ್ಯೆಯಿಂದ. ಹೆಸರಿಗೆ ತಕ್ಕ ಸಂಖ್ಯೆಯನ್ನು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅದನ್ನು ರೂಪಿಸುವ ಮುನ್ನ, ಜಾಲದಲ್ಲಿದ್ದ ಕಂಪ್ಯೂಟರುಗಳ ಹೆಸರು ಮತ್ತು ಸಂಖ್ಯೆಗಳನ್ನು ಒಂದೇ ಕಡತದಲ್ಲಿ ಬರೆದಿಟ್ಟು, ಎಲ್ಲರೂ ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಈಗ ಆ ಕೆಲಸ ಹಲವು ಸರ್ವರುಗಳಿಗೆ, ಅಂದರೆ ಕೇಳಿದ್ದನ್ನು ಒದಗಿಸುವ ಕಂಪ್ಯೂಟರುಗಳಿಗೆ, ಹಂಚಿಹೋಗಿದೆ: ಎಲ್ಲಕ್ಕಿಂತ ಮೇಲಿನ ರೂಟ್ ಸರ್ವರ್ ‘ಡಾಟ್ ಇನ್’ ಹೆಸರುಗಳನ್ನು ನೋಡಿಕೊಳ್ಳುವ ಸರ್ವರನ್ನು ತೋರಿಸುತ್ತದೆ, ಅದು ಮುಂದಿನದನ್ನು ತೋರಿಸುತ್ತದೆ, ಹೀಗೆ ಕೊನೆಗೆ ಸಂಖ್ಯೆ ಸಿಗುತ್ತದೆ. ಸಿಕ್ಕ ಉತ್ತರವನ್ನು ಮತ್ತೆ ಕೇಳಬೇಕಾಗದಂತೆ ಕೆಲಕಾಲ ಉಳಿಸಿಕೊಳ್ಳುವ ಜಾಗಕ್ಕೆ ಕ್ಯಾಶ್ ಎನ್ನುತ್ತಾರೆ.

ಅನಂತರ ನಿಮ್ಮ ಕೋರಿಕೆ ಪ್ಯಾಕೆಟ್‌ಗಳೆಂಬ ಸಣ್ಣ ತುಣುಕುಗಳಾಗಿ, ದಾರಿ ತೋರಿಸುವ ಯಂತ್ರಗಳಾದ ರೌಟರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಆ ಸಂಖ್ಯೆಯ ಸರ್ವರಿನತ್ತ ಸಾಗುತ್ತದೆ. ಹೀಗೆ ಸಾಗಿಸುವ ಜಾಲ ಇಂಟರ್ನೆಟ್. ಅದರ ಮೇಲೆ ನಡೆಯುವ ಹಲವು ಸೇವೆಗಳಲ್ಲಿ ಒಂದು ಬ್ರೌಸರಿನಲ್ಲಿ ಪುಟಗಳನ್ನು ತೆರೆದು ನೋಡುವ ವೆಬ್, ಇನ್ನೊಂದು ಇಮೇಲ್. ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್‌ನ ಪ್ರಸ್ತಾವ ಮಂಡಿಸುವ ಹೊತ್ತಿಗೆ ಜನ ಎಷ್ಟೋ ವರ್ಷಗಳಿಂದ ಇಮೇಲ್ ಬಳಸುತ್ತಿದ್ದರು. ಇಷ್ಟು ನೆನಪಿದ್ದರೆ ಇಂಟರ್ನೆಟ್, ವೆಬ್ ಎರಡೂ ಒಂದೇ ಎಂದು ಪರೀಕ್ಷೆಯಲ್ಲಿ ಬರೆಯಲಾರಿರಿ.

ವೆಬ್ ವಿಳಾಸದ ಮೊದಲಲ್ಲಿ ಕಾಣುವ ಎಚ್‌ಟಿಟಿಪಿಎಸ್ ಬಗ್ಗೆ ಮಾತ್ರ ನಿಧಾನವಾಗಿ ಓದಿ, ಏಕೆಂದರೆ ಇಲ್ಲಿ ತಪ್ಪು ತಿಳಿದರೆ ಅಂಕವಲ್ಲ, ಹಣ ಹೋಗುತ್ತದೆ. ನಿಮಗೂ ಆ ಸರ್ವರಿಗೂ ನಡುವೆ ಹರಿಯುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು, ಗೊತ್ತಾಗದಂತೆ ತಿದ್ದಲಾರರು, ಮತ್ತು ಆ ಸರ್ವರಿನ ಬಳಿ ಆ ಹೆಸರು ತನ್ನದೇ ಎಂದು ತೋರಿಸುವ ಡಿಜಿಟಲ್ ಪ್ರಮಾಣಪತ್ರವಿದೆ ಎಂದಷ್ಟೇ ಅದರ ಅರ್ಥ. ತಾಣದ ಒಡೆಯ ಪ್ರಾಮಾಣಿಕನೆಂದು ಅದು ಹೇಳುವುದಿಲ್ಲ. ಪ್ರಮಾಣಪತ್ರ ಉಚಿತವಾಗಿಯೂ ಸಿಗುವುದರಿಂದ ವಂಚಕರೂ ಪಡೆಯುತ್ತಾರೆ. ಎಚ್‌ಟಿಟಿಪಿಎಸ್ ಇದ್ದಾಗ ಕಾಣುತ್ತಿದ್ದ ಬೀಗದ ಚಿತ್ರವನ್ನು ಜನ ನಂಬಿಕೆಯ ಗುರುತೆಂದು ತಿಳಿಯುತ್ತಿದ್ದರೆಂದೇ ಗೂಗಲ್ 2023ರಲ್ಲಿ ತನ್ನ ಕ್ರೋಮ್ ಬ್ರೌಸರಿನಲ್ಲಿ ವಿಳಾಸ ಬರೆಯುವ ಜಾಗದಿಂದ ಅದನ್ನು ತೆಗೆದು ಬೇರೆ ಚಿಹ್ನೆ ಇಟ್ಟಿತು. ಆಧಾರ್ ಅಥವಾ ಬ್ಯಾಂಕ್ ಖಾತೆಯ ಸಂಖ್ಯೆ ತುಂಬುವ ಮೊದಲು, ‘ಎಚ್‌ಟಿಟಿಪಿಎಸ್’ ಮುಂದಿನ ಜೋಡಿ ಓರೆಗೆರೆಗಳ ನಂತರ ಬರುವ ಮೊದಲ ಒಂಟಿ ಓರೆಗೆರೆಯವರೆಗಿನ ಹೆಸರನ್ನು ಓದಿ. ಸರ್ಕಾರಿ ತಾಣಗಳಲ್ಲಿ ಅದು ಸಾಮಾನ್ಯವಾಗಿ ‘ಡಾಟ್ ಜಿಒವಿ ಡಾಟ್ ಇನ್’ ಎಂದೇ ಮುಗಿಯುತ್ತದೆ. ಆ ಅಕ್ಷರಗಳು ಹೆಸರಿನ ನಡುವೆ ಎಲ್ಲೋ ಇದ್ದು ಕೊನೆ ಬೇರೆಯಾಗಿದ್ದರೆ ಆ ಪುಟವನ್ನು ಮುಚ್ಚಿಬಿಡಿ.

ಇನ್ನು ಸಂಪರ್ಕದ ವೇಗ ಹೇಳುವ ಎಂಬಿಪಿಎಸ್: ಇಲ್ಲಿರುವ ‘ಬಿ’ ಬಿಟ್, ಕಡತದ ಗಾತ್ರ ಹೇಳುವ ಎಂಬಿಯದ್ದು ಬೈಟ್. 8 ಬಿಟ್‌ಗೆ ಒಂದು ಬೈಟ್. ಆದ್ದರಿಂದ 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ ಇಳಿಯುತ್ತದೆ.